ಕುದುರೆಯ ಪಟ್ಟಿ, ಪಟ್ಟಿಯ ಬಕಲ್ಲು

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಕಳೆದ ತಿಂಗಳು ವಕೀಲರೊಬ್ಬರು ಬಾಡಿಗೆ ಕಾಯಿದೆಯ ಮೇಲೆ ಮಾತಾಡಿದರು. ಅದರ ಹಿಂದಿನ ತಿಂಗಳು ಡಾಕ್ಟರರು ಸಕ್ಕರೆ ರೋಗದ ಮೇಲೆ ಮಾತಾಡಿದರು. ಈ ಸಲದ ಸರದಿ ಗುಮಾಸ್ತನದು. ಮೆಟ್ರಿಕ್ಕಿನಿಂದಾಚೆ ಓದದವನು ಹೇಳಬಹುದಾದದ್ದು ಏನು? ತನ್ನ ಕೈಕೆಳಗೆ ದಿನಾಲು ಹಾದುಹೋಗುವ ವಸ್ತುವಿನ ವಿಚಾರವನ್ನಾದರೂ ಹೇಳಬಹುದು ಎಂದು ಕಾರ್ಯದರ್ಶಿಗಳು ಧೈರ್ಯ ಕೊಟ್ಟರು. ನಾನಿರುವ ಗಿರಣಿಯಲ್ಲಿ ಸೀರೆ ಧೋತರ ನೇಯುವುದಿಲ್ಲ. ನವಾರು ಮತ್ತು ಪಟ್ಟಿ ನೇಯುತ್ತಾರೆ. ಅದರಲ್ಲಿ ಒಂದು ಪಾಲು ಕುದುರೆಯ ಸಾಮಾನು ಮಾಡುವವರಿಗೆ ಹೋಗುತ್ತದೆ. ಅವರು ಕಳಿಸುವ ಚೀಟಿಯಲ್ಲಿ ಪಟ್ಟಿಯ ಅಗಲ ಇಷ್ಟೆಂದು ಇರುವುದಿಲ್ಲ. ಇಷ್ಟು ಅಂಗುಲದ ಬಕಲ್ಲಿಗೆ ಎಂದು ಇರುತ್ತದೆ. ಬಕಲ್ಲಿನ ಅಳತೆಯೆಂದರೆ ಅದರೊಳಗೆ ಹೋಗುವ ಪಟ್ಟಿಯ ಅಗಲ. ಹೀಗೆ ಪಟ್ಟಿಯಿಂದ ನಾನು ಬಕಲ್ಲಿಗೆ ಬಂದೆ, ಬಕಲ್ಲಿನಿಂದ ಕುದುರೆಗೆ ಬಂದೆ.

ಕುದುರೆ ಈಗ ಎಲ್ಲಿದೆ ಸ್ವಾಮಿ ಎಂದು ಮುಂದಿನ ಸಾಲಿನವರು ನಗುತ್ತಿದ್ದಾರೆ. ಈ ಮುಂಬಯಿಯಲ್ಲಿ 1874ರ ಮೇ ತಿಂಗಳಲ್ಲಿ ಮೊದಲ ಟ್ರಾಮು ಓಡಿದಾಗ ಅದನ್ನು ಎಳೆದದ್ದು ಕುದುರೆ. ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವು. ಒಂದೊಂದರ ಮೈಮೇಲೆ ಹತ್ತೇ ಬಕಲ್ಲೆಂದು ಹಿಡಿದರೂ ಒಂಬತ್ತು ಸಾವಿರ ಬಕಲ್ಲು. ಅಷ್ಟನ್ನೂ ಕತ್ತಲಲ್ಲಿ ಎದ್ದು ಬಿಗಿದವರ, ರಾತ್ರಿ ಬಿಚ್ಚಿದವರ ಬೆರಳುಗಳ ಲೆಕ್ಕವನ್ನು ನೀವೇ ಹಾಕಿಕೊಳ್ಳಿರಿ. 1907ರಲ್ಲಿ ವಿದ್ಯುತ್ತಿನ ಟ್ರಾಮು ಬಂತು. 1964ರಲ್ಲಿ ಅದೂ ನಿಂತಿತು. ವಿಕ್ಟೋರಿಯಾ ಗಾಡಿ ಮಾತ್ರ ಗೇಟ್‌ವೇ ಮುಂದೆ, ಮರೀನ್ ಡ್ರೈವಿನಲ್ಲಿ ಉಳಿದುಕೊಂಡಿತ್ತು. 2015ರ ಜೂನ್ ತಿಂಗಳಲ್ಲಿ ಮುಂಬಯಿ ಹೈಕೋರ್ಟು ಮೋಜಿಗೆಂದು ಓಡಿಸುವ ಆ ಗಾಡಿಗಳು ಕಾಯಿದೆಗೆ ವಿರುದ್ಧವೆಂದು ತೀರ್ಪು ಕೊಟ್ಟು, ಒಂದು ವರ್ಷದೊಳಗೆ ನಿಲ್ಲಿಸಬೇಕೆಂದಿತು. ಹಾಗೆಂದು ಕುದುರೆಯ ದುಡಿಮೆ ದೇಶದಲ್ಲಿ ಮುಗಿಯಲಿಲ್ಲ. ಮಾಥೇರಾನಿಗೆ ಹೋದವರು ನೋಡಿದ್ದೀರಿ; ಮದುವೆಯ ವರಾತಿನಲ್ಲಿ ನೋಡುತ್ತೀರಿ. ಉತ್ತರದ ಕಡೆ ಇಟ್ಟಿಗೆ ಭಟ್ಟಿಗಳಲ್ಲಿ ಕುದುರೆ, ಹೇಸರಗತ್ತೆಗಳು ಇಟ್ಟಿಗೆ ಹೊರುತ್ತವೆ, ಎಳೆಯುತ್ತವೆ. ಅವುಗಳ ಮೈಗೆ ತಾಗುವುದು ಪಟ್ಟಿ ಮತ್ತು ಬಕಲ್ಲು.

ನಮ್ಮ ಕಡೆಯವರಿಗೆ ಎತ್ತಿನ ಗಾಡಿ ಹೆಚ್ಚು ಪರಿಚಯ. ಎತ್ತಿಗೆ ಹಿಣಿಲು ಉಂಟು. ನೊಗ ಅದಕ್ಕೆ ಒತ್ತಿ ನಿಲ್ಲುತ್ತದೆ, ಕೊರಳ ಸುತ್ತ ಜತ್ತಿಗೆ ಕಟ್ಟಿದರಾಯಿತು, ಎತ್ತು ನೊಗವನ್ನು ತಳ್ಳಿಕೊಂಡು ನಡೆಯುತ್ತದೆ. ಒಂದು ಮರ, ಒಂದು ಹಗ್ಗ. ಬಕಲ್ಲಿನ ಹೆಸರೇ ಇಲ್ಲ. ಕುದುರೆಗೆ ಹಿಣಿಲು ಇಲ್ಲ. ಅದರ ಬಲವೆಲ್ಲ ಎದೆ ಮತ್ತು ಹೆಗಲಿನಲ್ಲಿ. ಆದುದರಿಂದ ಎದೆಯ ಮುಂದೆ ಒಂದು ಪಟ್ಟಿಯನ್ನೋ, ಕೊರಳಿಗೆ ಹುಲ್ಲು ತುಂಬಿದ ಮೆತ್ತೆಯ ಬಳೆಯನ್ನೋ ಹಾಕಿ, ಅಲ್ಲಿಂದ ಎರಡು ಉದ್ದನೆಯ ಪಟ್ಟಿಗಳನ್ನು ಹಿಂದಕ್ಕೆ ಗಾಡಿಗೆ ತರಬೇಕು. ಆ ಪಟ್ಟಿಗಳು ಕೆಳಗೆ ಜೋಲದಂತೆ ಬೆನ್ನ ಮೇಲೆ ಸಣ್ಣ ಜೀನು, ಜೀನು ಜಾರದಂತೆ ಹೊಟ್ಟೆಯ ಪಟ್ಟಿ, ಜೀನು ಮುಂದಕ್ಕೆ ಸರಿಯದಂತೆ ಬಾಲದ ಬುಡಕ್ಕೊಂದು ಪಟ್ಟಿ, ಇಳಿಜಾರಿನಲ್ಲಿ ಗಾಡಿ ಕಾಲಿಗೆ ಬಂದು ಬಡಿಯದಂತೆ ತೊಡೆಯ ಹಿಂದೊಂದು ಅಡ್ಡಪಟ್ಟಿ, ಇವೆಲ್ಲದರ ಮೇಲೆ ಮುಖದ ಪಟ್ಟಿ, ಕಡಿವಾಣ, ಲಗಾಮು. ಒಂದು ಕುದುರೆಯಂತೆ ಇನ್ನೊಂದು ಇರುವುದಿಲ್ಲ. ಮಳೆಗಾಲದಲ್ಲಿ ಹಸಿಹುಲ್ಲು ತಿಂದು ಉಬ್ಬಿದ ಕುದುರೆ ಬೇಸಗೆಯಲ್ಲಿ ಇಳಿಯುತ್ತದೆ. ಆದ್ದರಿಂದ ಪ್ರತಿಯೊಂದು ಪಟ್ಟಿಯನ್ನೂ ಉದ್ದ ಗಿಡ್ಡ ಮಾಡಲು ಬರಬೇಕು. ಬಕಲ್ಲು ಹುಟ್ಟಿದ ಕಾರಣ ಇಷ್ಟೇ. ಗಂಟು ಹಾಕಿದರೆ ನಡೆಯದೇ ಎಂದು ಕೇಳಬಹುದು. ನೆಂದ ಗಂಟು ಬಿಚ್ಚುವುದಿಲ್ಲ, ಒಣಗಿದ ಗಂಟು ಜಾರುತ್ತದೆ, ಮತ್ತು ಗಂಟು ಮೈಗೆ ಒತ್ತುತ್ತದೆ.

ಈಗ ನಿಮ್ಮ ಸೊಂಟದ ಬೆಲ್ಟನ್ನೇ ನೋಡಿರಿ. ಒಂದು ಚೌಕಟ್ಟು, ಅದರ ಒಂದು ಅಡ್ಡಕಡ್ಡಿಗೆ ಸಿಕ್ಕಿಸಿದ ನಾಲಗೆ, ಪಟ್ಟಿಯಲ್ಲಿ ತೂತು. ಎಳೆತ ಬಿದ್ದಾಗ ನಾಲಗೆಯ ತುದಿ ಚೌಕಟ್ಟಿನ ಎದುರು ಅಂಚಿನ ಮೇಲೆ ಒರಗುತ್ತದೆ. ಎಷ್ಟು ಎಳೆದರೆ ಅಷ್ಟು ಗಟ್ಟಿಯಾಗಿ ಒರಗುತ್ತದೆ. ಭಾರವೆಲ್ಲ ನಾಲಗೆಯ ಮೇಲೆಯೇ ಬಿತ್ತೆಂದು ತಿಳಿಯಬೇಡಿರಿ. ನಾಲಗೆ ಪಟ್ಟಿ ಜಾರದಂತೆ ತಡೆಯುತ್ತದೆ, ಅದನ್ನು ಹೊರುವುದು ಚೌಕಟ್ಟು. ಆದ್ದರಿಂದ ನಾಲಗೆಯ ತುದಿ ಅಂಚಿಗಿಂತ ಗಿಡ್ಡವಾಗಿದ್ದರೆ ಒಂದು ದಿನ ಒಳಕ್ಕೆ ನುಸುಳಿ ಬಿಚ್ಚಿಕೊಳ್ಳುತ್ತದೆ. ಉದ್ದವಾಗಿದ್ದರೆ ಹೊರಗೆ ಚಾಚಿ ಲಗಾಮಿಗೋ ಬಾಲದ ಕೂದಲಿಗೋ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಉಳಿದ ತುದಿ ಹಾರಾಡದಂತೆ ಹಿಡಿದಿಡುವ ಲೂಪು ಕೂಡ ಅಲಂಕಾರಕ್ಕಲ್ಲ.

ಕುದುರೆಯ ಬಕಲ್ಲಿಗೂ ನಿಮ್ಮ ಬೆಲ್ಟಿಗೂ ಇರುವ ಮುಖ್ಯ ಭೇದ, ಎಳೆಯುವ ಕಡೆಗಳಲ್ಲಿ ಹಾಕುವ ಉರುಳೆಯ ಬಕಲ್ಲು. ಪಟ್ಟಿ ಮಡಚಿ ತಿರುಗುವ ಅಂಚಿನ ಮೇಲೆ ಒಂದು ಸಣ್ಣ ಕೊಳವೆಯನ್ನು ತೊಡಿಸಿರುತ್ತಾರೆ. ಪಟ್ಟಿ ಎಳೆದಾಗ ಕೊಳವೆ ಉರುಳುತ್ತದೆ, ಚರ್ಮ ಉಜ್ಜುವುದಿಲ್ಲ. ಎರಡು ಲಾಭ: ಪಟ್ಟಿ ಬೇಗ ಸವೆಯುವುದಿಲ್ಲ, ಮತ್ತು ಬಿಗಿಯುವ ಕೈಗೆ ಕಡಿಮೆ ಶ್ರಮ. ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ನೂಲು ಹಾಯುವ ಕಡೆಯಲ್ಲೆಲ್ಲ ತಿರುಗುವ ಉರುಳೆ ಏಕೆ ಇದೆಯೋ ಇಲ್ಲಿಯೂ ಅದೇ ಕಾರಣ.

ಈಗ ತೂತಿನ ವಿಚಾರ. ನನ್ನ ಮಾತಿನ ತಿರುಳು ಇಲ್ಲಿಯೇ ಇದೆ, ಸ್ವಲ್ಪ ಗಮನ ಕೊಡಬೇಕೆಂದು ವಿನಂತಿ. ಎದೆಪಟ್ಟಿಯನ್ನು ಹೊತ್ತು ನಿಲ್ಲಿಸುವುದು ಕೊರಳ ಮೇಲಿನಿಂದ ಬರುವ ಕಿರಿಪಟ್ಟಿ. ಅದರ ಬಕಲ್ಲನ್ನು ಒಂದೆರಡು ತೂತು ಹೆಚ್ಚು ಬಿಗಿದರೆ ಎದೆಪಟ್ಟಿ ಮೇಲಕ್ಕೇರಿ ಉಸಿರ್ನಾಳದ ಮೇಲೆ ಕೂಡುತ್ತದೆ. ಏರು ಹತ್ತುವಾಗ ಕುದುರೆಗೆ ಗಾಳಿ ಸಾಲದು. ಒಂದೆರಡು ತೂತು ಸಡಿಲ ಬಿಟ್ಟರೆ ಪಟ್ಟಿ ಕೆಳಗಿಳಿದು ಹೆಗಲಿನ ಕೀಲಿಗೆ ಅಡ್ಡ ಬರುತ್ತದೆ. ಹೆಜ್ಜೆ ಹೆಜ್ಜೆಗೆ ಚರ್ಮ ಸುಲಿಯುತ್ತದೆ. ನಡುವಿನ ಜಾಗ ನಾಲ್ಕು ಬೆರಳಿನಷ್ಟೂ ಇರಲಾರದು. ಹೊಟ್ಟೆಯ ಪಟ್ಟಿಯೂ ಹಾಗೆಯೇ. ಅದರ ಬಕಲ್ಲು ಮುಂಗಾಲಿನ ಮೊಣಕೈಯ ಹಿಂದೆ ಬಂದು ಕೂತರೆ ಸಂಜೆಯೊಳಗೆ ಅಲ್ಲಿ ಹುಣ್ಣು. ಬಲ್ಲವರು ಬಕಲ್ಲನ್ನು ಮೇಲಕ್ಕೆ ತಂದು, ಅದರ ಕೆಳಗೆ ಒಂದು ಮೆತ್ತನೆಯ ಚರ್ಮದ ತುಂಡನ್ನು ಕೊಟ್ಟು, ಲೋಹ ಮೈಗೆ ತಾಗದಂತೆ ಮಾಡುತ್ತಾರೆ. ಬಿಗಿದ ಮೇಲೆ ಪಟ್ಟಿಯೊಳಗೆ ಬೆರಳು ತೂರಿಸಿ, ಕೆಳಗೆ ಸಿಕ್ಕಿದ ತೊಗಲಿನ ಸುಕ್ಕನ್ನು ನೇವರಿಸಿ ಬಿಡಿಸುತ್ತಾರೆ. ಎರಡು ನಿಮಿಷದ ಕೆಲಸ. ಅದನ್ನು ಮಾಡದ ಗಾಡಿಯವನು ಹುಣ್ಣು ಮಾಯುವ ತನಕ ಗಾಡಿ ಕಟ್ಟುವಂತಿಲ್ಲ. ದಿನದ ಗಳಿಕೆಯನ್ನೇ ನಂಬಿದವನಿಗೆ ಒಂದು ವಾರ ಕುದುರೆ ನಿಂತರೆ ಏನಾಗುತ್ತದೆಂಬುದನ್ನು ಈ ಸಭೆಗೆ ನಾನು ಹೇಳಬೇಕೇ? ಆದುದರಿಂದಲೇ ಹುಣ್ಣಿನ ಮೇಲೆಯೇ ಪಟ್ಟಿ ಬಿಗಿದು ಮರುದಿನವೂ ಹೊರಡುತ್ತಾನೆ. ಅವನನ್ನು ಬೈಯುವುದು ಸುಲಭ. ಕುದುರೆಯ ನೋವು ಅದರಿಂದ ಕಡಿಮೆಯಾಗದು. ಬಕಲ್ಲನ್ನು ಎರಡು ಅಂಗುಲ ಸರಿಸುವುದನ್ನು ಕಲಿಸಿದರೆ ಆದೀತು.

ಇದೇ ತೂತಿನ ಮಾತನ್ನು ಒಬ್ಬ ಹೆಂಗಸು ಜಗತ್ತಿಗೆಲ್ಲ ಕೇಳಿಸುವಂತೆ ಹೇಳಿದ್ದಾಳೆ. 1877ರಲ್ಲಿ ಇಂಗ್ಲೆಂಡಿನ ಆನ್ನಾ ಸ್ಯೂವೆಲ್ ಎಂಬಾಕೆ 'ಬ್ಲ್ಯಾಕ್ ಬ್ಯೂಟಿ' ಎಂಬ ಕಥೆ ಪ್ರಕಟಿಸಿದಳು. ಕಥೆ ಹೇಳುವುದು ಕುದುರೆಯೇ. ಆಗಿನ ಶ್ರೀಮಂತರಿಗೆ ಕುದುರೆ ಸದಾ ತಲೆಯೆತ್ತಿ ನಿಲ್ಲಬೇಕೆಂಬ ಷೋಕಿ. ಅದಕ್ಕಾಗಿ ಕಡಿವಾಣದಿಂದ ಬೆನ್ನಿನ ಜೀನಿಗೆ ಒಂದು ಗಿಡ್ಡ ಪಟ್ಟಿ ಬಿಗಿಯುತ್ತಿದ್ದರು. ದಿನಕ್ಕೊಂದು ತೂತಿನಂತೆ ಅದನ್ನು ಗಿಡ್ಡ ಮಾಡುತ್ತ ಹೋಗುವುದನ್ನು ಆಕೆ ಕಥೆಯಲ್ಲಿ ತೋರಿಸಿದಳು. ತಲೆ ಬಗ್ಗಿಸಿ ಮೈಭಾರ ಹಾಕಿ ಎಳೆಯಬೇಕಾದ ಕುದುರೆ, ತಲೆ ಬಗ್ಗಿಸಲಾರದೆ ಬೆನ್ನು ಕಾಲುಗಳಿಂದಲೇ ಎಳೆಯಬೇಕು. ಆ ಪಟ್ಟಿ ಕಡೆಗೆ ಬಳಕೆ ತಪ್ಪಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಬಕಲ್ಲು ನಿಷ್ಪಕ್ಷಪಾತಿ, ಯಾವ ತೂತಿಗೆ ಹಾಕಿದರೂ ನಿಲ್ಲುತ್ತದೆ.

ಇನ್ನು ಬಕಲ್ಲು ಮಾಡುವವರ ಮಾತು. ಲಂಡನ್ನಿನಲ್ಲಿ ಕಡಿವಾಣ, ಬಕಲ್ಲು, ರಿಕಾಪು ಮಾಡುವವರದೇ ಒಂದು ಸಂಘವಿತ್ತು. ಲೋರಿನರ್ಸ್ ಎಂದು ಹೆಸರು, ಲ್ಯಾಟಿನ್ನಿನಲ್ಲಿ ಪಟ್ಟಿಗೆ ಲೋರಮ್ ಎನ್ನುತ್ತಾರಂತೆ. ಅವರ ಕಟ್ಟಳೆಗಳು 1261ರಷ್ಟು ಹಳೆಯವು. ಆಮೇಲೆ ಈ ಕಸುಬು ಬರ್ಮಿಂಗ್‌ಹ್ಯಾಮಿನ ಹತ್ತಿರದ ವಾಲ್ಸಾಲ್ ಎಂಬ ಊರಿನಲ್ಲಿ ನೆಲೆನಿಂತಿತು. ಅಲ್ಲಿಯ ಬಕಲ್ಲು ಸಾಮ್ರಾಜ್ಯದ ಮೂಲೆಮೂಲೆಗೂ ಹೋಯಿತು. ಆ ಊರಿನ ಫುಟ್‌ಬಾಲ್ ತಂಡಕ್ಕೆ ಇಂದಿಗೂ 'ಜೀನಿನವರು' ಎಂದೇ ಅಡ್ಡಹೆಸರು. ನಮ್ಮ ದೇಶದಲ್ಲಿ 1857ರ ದಂಗೆಯಾದ ಕೆಲವೇ ವರ್ಷಗಳಲ್ಲಿ ಸರಕಾರ ಕಾನಪುರದಲ್ಲಿ ಸೈನ್ಯಕ್ಕಾಗಿ ಜೀನು ಮತ್ತು ಪಟ್ಟಿಗಳ ಕಾರಖಾನೆ ತೆರೆಯಿತು. ಆ ಊರು ಚರ್ಮದ ಊರಾಗಿ ಬೆಳೆದದ್ದು ಅಲ್ಲಿಂದಲೇ. ಇಂದು ಕಾನಪುರದ ಜೀನು ಪರದೇಶಗಳಿಗೆ ಹೋಗುತ್ತದೆ, ಊರ ಹೆಸರಿನ ಮೇಲೆ ಭೌಗೋಳಿಕ ಗುರುತೂ ದೊರಕಿದೆ. ಲೋಹದ ಸಾಮಾನನ್ನು ಬೀಗದ ಊರಾದ ಅಲೀಗಢದಲ್ಲಿ ಎರಕ ಹೊಯ್ಯುತ್ತಾರೆ.

ಯಾವ ಲೋಹ ಒಳ್ಳೆಯದು ಎಂದು ಕೇಳುವವರಿಗೆ ಒಂದೇ ಉತ್ತರ ಹೇಳಲಾಗದು. ಕಬ್ಬಿಣ ಗಟ್ಟಿ, ಆದರೆ ತುಕ್ಕು ಹಿಡಿಯುತ್ತದೆ; ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ನೆಂದ ಕಬ್ಬಿಣ ತಾಗಿದರೆ ಚರ್ಮ ಕಪ್ಪಾಗಿ ಅಲ್ಲಿಯೇ ಬಿರಿಯುತ್ತದೆ. ಹಿತ್ತಾಳೆಗೆ ತುಕ್ಕಿಲ್ಲ; ಎಣ್ಣೆ ಹಚ್ಚಿದ ಚರ್ಮದ ಜೊತೆ ಬಹುದಿನ ಇದ್ದರೆ ಹಸಿರು ಕಿಲುಬು ಕಟ್ಟುತ್ತದೆ, ಒರೆಸಿದರೆ ಹೋಗುತ್ತದೆ. ಆದರೆ ಅದು ಮೆದು, ಭಾರದ ಕಡೆ ದಪ್ಪನೆಯದೇ ಬೇಕು. ಸ್ಟೇನ್‌ಲೆಸ್ ಸ್ಟೀಲು ಎಲ್ಲಕ್ಕೂ ಮೇಲು, ಬೆಲೆಯಲ್ಲಿಯೂ ಮೇಲು. ಹೆದರಬೇಕಾದದ್ದು ಥಳಥಳ ಹೊಳೆಯುವ ಅಗ್ಗದ ಸತುವಿನ ಬಕಲ್ಲಿಗೆ. ಮೇಲೆ ಹಳದಿಯದೋ ಬಿಳಿಯದೋ ಮುಲಾಮು, ಒಳಗೆ ಬೂದುಬಣ್ಣದ ಸತುವು. ಅದು ಬಾಗುವುದಿಲ್ಲ, ಒಮ್ಮೆಲೇ ಬಿಸ್ಕತ್ತಿನಂತೆ ಮುರಿಯುತ್ತದೆ. ಕೈಚೀಲಕ್ಕೆ ಸರಿ, ಕುದುರೆಗೆ ಬೇಡ. ಚೂಪಾದ ಮೊಳೆಯಿಂದ ಮರೆಯ ಕಡೆ ಗೀರಿದರೆ ಹಿತ್ತಾಳೆಯಾದರೆ ಒಳಗೂ ಹಳದಿ ಕಾಣುತ್ತದೆ. ಅಯಸ್ಕಾಂತ ಹಿಡಿದರೆ ಹಿತ್ತಾಳೆಯ ಬಣ್ಣ ಹೊತ್ತ ಕಬ್ಬಿಣ ಸಿಕ್ಕಿಬೀಳುತ್ತದೆ.

ಬಕಲ್ಲು ಗಟ್ಟಿಯಿದ್ದರೂ ಅದನ್ನು ಪಟ್ಟಿಗೆ ಹಿಡಿದಿಟ್ಟಿರುವುದು ಹೊಲಿಗೆ. ಪಟ್ಟಿಯ ತುದಿಯನ್ನು ರಂಪಿಗೆಯಿಂದ ತೆಳ್ಳಗೆ ಕೆತ್ತಿ, ಅಡ್ಡಕಡ್ಡಿಯ ಸುತ್ತ ಮಡಚಿ, ನಾಲಗೆಗೆ ದಾರಿ ಬಿಟ್ಟು ಹೊಲಿಯುತ್ತಾರೆ. ಕೈಹೊಲಿಗೆಯವನು ಮೇಣ ತಿಕ್ಕಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಹಾಕಿ, ಪ್ರತಿ ರಂಧ್ರದಲ್ಲಿಯೂ ಎರಡನ್ನೂ ಎದುರುಬದುರಾಗಿ ಹಾಯಿಸುತ್ತಾನೆ. ಒಂದು ಹೊಲಿಗೆ ಸವೆದು ಹರಿದರೂ ಪಕ್ಕದ್ದು ತಾನಾಗಿ ನಿಲ್ಲುತ್ತದೆ. ಮಿಶಿನ್ನಿನ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನ ದಾರಕ್ಕೆ ಗಂಟುಬಿದ್ದಿರುತ್ತದಷ್ಟೆ. ಒಂದು ಕಡೆ ಹರಿದರೆ ಬಿಚ್ಚಿಕೊಳ್ಳುವುದು ಬೇಗ. ನಮ್ಮ ಊರುಗಳಲ್ಲಿ ಚಪ್ಪಲಿ ಹೊಲಿಯುವವರ ಕೈಯಲ್ಲಿ ಈ ವಿದ್ಯೆ ಇದೆ, ಅದಕ್ಕೆ ನಾವು ಕೊಡುವ ಮರ್ಯಾದೆ ಮಾತ್ರ ಇಲ್ಲ.

ಸವಾರಿಯ ಜೀನಿನಲ್ಲಿ ಇದಕ್ಕಿಂತ ಜಾಣತನ ಉಂಟು. ಇಂಗ್ಲಿಷ್ ಮಾದರಿಯ ಜೀನಿಗೆ ಹೊಟ್ಟೆಪಟ್ಟಿ ಬಿಗಿಯಲು ಒಂದೊಂದು ಪಕ್ಕಕ್ಕೆ ಎರಡು ಬಕಲ್ಲು, ಅವುಗಳಿಗೆ ಮೂರು ತೂತುಪಟ್ಟಿ. ಒಂದು ಹರಿದರೆ ಇನ್ನೊಂದು ಇರಲಿ ಎಂದು. ಆದರೆ ಮೂರೂ ಒಂದೇ ಕಡೆ ಹೊಲಿದಿದ್ದರೆ, ಆ ಬುಡವೇ ಕಿತ್ತಾಗ ಏನು ಗತಿ? ಆದುದರಿಂದ ಮೊದಲನೆಯದನ್ನು ಜೀನಿನ ಒಳಗಿನ ಒಂದು ನವಾರಿಗೂ, ಉಳಿದೆರಡನ್ನು ಬೇರೊಂದು ನವಾರಿಗೂ ಹೊಲಿದಿರುತ್ತಾರೆ. ಬಿಗಿಯುವಾಗ ಮೊದಲನೆಯದನ್ನು ಬಿಡಬಾರದೆಂಬ ನಿಯಮದ ಹಿಂದಿನ ಕಾರಣ ಅದು. ಸವಾರನಿಗೆ ಎಂದೂ ಕಾಣದ ಆ ಎರಡು ನವಾರುಗಳ ಮೇಲೆ ಅವನ ಕತ್ತು ನಿಂತಿದೆ. ಗಿರಣಿಯಲ್ಲಿ ನವಾರಿನ ಸುರುಳಿ ಎಣಿಸುವಾಗ ನನಗೆ ಇದು ನೆನಪಾಗುವುದುಂಟು.

ಈಗ ನೈಲಾನ್ ಪಟ್ಟಿ ಬಂದಿದೆ. ಕೊಳೆಯದು, ತೊಳೆಯಬಹುದು, ಅಗ್ಗ. ನಮ್ಮಲ್ಲಿಯೂ ನೇಯುತ್ತಾರೆ. ಅದನ್ನು ಹಳಿಯಲಾರೆ. ಆದರೆ ಕುದುರೆಯನ್ನು ಕಟ್ಟಿಹಾಕುವ ಮುಖಪಟ್ಟಿಗೆ ಅದು ಅಪಾಯ. ಬೆದರಿದ ಕುದುರೆ ಹಿಂದಕ್ಕೆ ಜಗ್ಗಿದರೆ ಹಳೆಯ ಚರ್ಮ ಹರಿದು ಬಿಡುತ್ತಿತ್ತು, ಕುದುರೆ ಉಳಿಯುತ್ತಿತ್ತು. ನೈಲಾನ್ ಹರಿಯುವುದಿಲ್ಲ, ಕುದುರೆಯ ಕತ್ತೇ ಸೋಲಬೇಕು. ಅದಕ್ಕಾಗಿ ತಿಳಿದವರು ನೈಲಾನ್ ಮುಖಪಟ್ಟಿಯಲ್ಲಿಯೂ ಕಿವಿಯ ಹಿಂದಿನ ಭಾಗವನ್ನು ಮಾತ್ರ ಚರ್ಮದ್ದೇ ಇಡುತ್ತಾರೆ. ಇನ್ನು ಮಕ್ಕಳ ಶಾಲೆಯ ಚೀಲಕ್ಕಿರುವ, ಎರಡು ಕಡೆ ಒತ್ತಿದರೆ ಟಕ್ಕೆಂದು ಬಿಡುವ ಪ್ಲಾಸ್ಟಿಕ್ ಕೊಂಡಿಯನ್ನು ಭಾರ ಎಳೆಯುವ ಪಟ್ಟಿಗೆ ಹಾಕುವ ಯೋಚನೆಯನ್ನೂ ಮಾಡಬಾರದು.

ಕಾಯಿದೆಯ ಮಾತನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಮೇರೆಗೆ ಹುಣ್ಣಾಗಿ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸುವುದು ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದ ದಂಡ ಹತ್ತರಿಂದ ಐವತ್ತು ರೂಪಾಯಿ; ನಗಬೇಡಿರಿ, ಬರೆದದ್ದು 1960ರಲ್ಲಿ. 1965ರ ನಿಯಮಗಳು ಇದಕ್ಕಿಂತ ಸೂಕ್ಷ್ಮವಾಗಿವೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ನಡುವೆ ವಿರಾಮವಿಲ್ಲದೆ ಐದು ಗಂಟೆ ಮೀರಬಾರದು. ಮೈ ಕೆರೆಯುವ, ಊದಿಸುವ ಗುಬ್ಬಿ ಮುಳ್ಳುಗಳಿರುವ ಪಟ್ಟಿ ಹಾಕಬಾರದು. ಜೀನಿನ ಕಮಾನು ಬೆನ್ನೆಲುಬಿನ ದಿಬ್ಬಕ್ಕೆ ತಾಗದಂತೆ ಸಂದು ಇರಬೇಕು. ಮತ್ತು ಗಾಡಿಯ ಕೆಲಸ ಮುಗಿದ ಮೇಲೆ ಪ್ರಾಣಿಯನ್ನು ಕಟ್ಟಿದ ಪಟ್ಟಿಗಳಲ್ಲಿಯೇ ನಿಲ್ಲಿಸಿಡಬಾರದು, ಬಿಚ್ಚಬೇಕು. ಬಕಲ್ಲು ಬಿಚ್ಚುವುದನ್ನು ಸರಕಾರ ನಿಯಮವಾಗಿ ಬರೆದಿದೆ ಎಂದು ಓದಿದಾಗ, ನಮ್ಮ ಗಿರಣಿಯ ಭೋಂಗಾದ ನೆನಪಾಗಿ ನನಗೆ ಸಂತೋಷವಾಯಿತು.

ಕಡೆಯದಾಗಿ, ಹೇಳಬೇಕೆಂದು ಬಂದ ಮಾತು. ಬಕಲ್ಲಿನ ಯೋಗ್ಯತೆ ತಿಳಿಯುವುದು ಅದು ಹಿಡಿಯುವಾಗಲ್ಲ, ಬಿಡುವಾಗ. ನಾಲಗೆಯ ಬಕಲ್ಲನ್ನು ಬಿಚ್ಚಬೇಕಾದರೆ ಪಟ್ಟಿಯನ್ನು ಮೊದಲು ಇನ್ನಷ್ಟು ಬಿಗಿಯಾಗಿ ಎಳೆಯಬೇಕು. ಆಗಲೇ ನಾಲಗೆ ತೂತಿನಿಂದ ಏಳುವುದು. ನಿಂತ ಕುದುರೆಗೆ ಇದು ಸರಿ. ಬಿದ್ದ ಕುದುರೆಯ ಪಟ್ಟಿಗಳೆಲ್ಲ ತಂತಿಯಂತೆ ಬಿಗಿದಿರುತ್ತವೆ. ಇನ್ನಷ್ಟು ಎಳೆಯಲು ಯಾರ ಕೈಯಲ್ಲಿಯೂ ಆಗದು. ಅದಕ್ಕಾಗಿ ಕೊರಳಬಳೆಯಿದ್ದ ಗಾಡಿಗಳಲ್ಲಿ, ಬಳೆಯ ಮೇಲಿನ ಎರಡು ಲೋಹದ ತೋಳುಗಳನ್ನು ಕೂಡಿಸುವ ಗಿಡ್ಡ ಪಟ್ಟಿಯನ್ನು ಕೈಗೆ ನಿಲುಕುವಲ್ಲಿ ಇಡುತ್ತಿದ್ದರು. ಅದೊಂದನ್ನು ಬಿಚ್ಚಿದರೆ ಅಥವಾ ಕೊಯ್ದರೆ ಎಳೆಯುವ ಪಟ್ಟಿಗಳೆರಡೂ ಒಟ್ಟಿಗೆ ಕಳಚುತ್ತವೆ. ಹಳೆಯ ಗಾಡಿಯವರ ಸೊಂಟದಲ್ಲಿ ಹರಿತವಾದ ಚೂರಿ ಇರುತ್ತಿದ್ದುದೂ ಇದಕ್ಕೇ.

ಮಳೆಯ ದಿನ ರಸ್ತೆಯಲ್ಲಿ ಟಾಂಗಾದ ಕುದುರೆ ಜಾರಿಬಿದ್ದರೆ ಜನ ಸೇರಿ ಏಳು ಏಳು ಎಂದು ಹೊಡೆಯುತ್ತಾರೆ, ಬಾಲ ತಿರುಚುತ್ತಾರೆ. ಗಾಡಿಯ ಕೋಲುಗಳ ನಡುವೆ ಸಿಕ್ಕಿದ ಕುದುರೆ ಎದ್ದೇಳಲು ಒದ್ದಾಡಿದಷ್ಟೂ ಕಾಲು ಮುರಿಯುವ ಭಯ ಹೆಚ್ಚು. ನೀವು ಅಲ್ಲಿದ್ದರೆ ಮೊದಲು ಹೊಡೆಯುವವರನ್ನು ಹಿಂದೆ ಸರಿಸಿರಿ. ಕುದುರೆ ತಲೆಯೆತ್ತದೆ ಏಳಲಾರದು. ಬಲ್ಲವನೊಬ್ಬ ಅದರ ಬೆನ್ನಿನ ಕಡೆಯಿಂದ ಬಂದು, ಕಿವಿಯ ಹಿಂದೆ ಕತ್ತಿನ ಮೇಲೆ ಮೊಣಕಾಲೂರಿ ತಲೆಯನ್ನು ನೆಲಕ್ಕೆ ಹಿಡಿಯಲಿ, ಕಣ್ಣಿನ ಮೇಲೆ ಪಂಚೆಯ ಸೆರಗು ಹಾಕಲಿ. ಕುಳಿತವರೆಲ್ಲ ಇಳಿಯಲಿ. ಒಬ್ಬಿಬ್ಬರು ಗಾಡಿಯನ್ನು ಮುಂದಕ್ಕೆ ಕೊಂಚ ನೂಕಿದರೆ ಎಳೆಯುವ ಪಟ್ಟಿ ಸಡಿಲಾಗುತ್ತದೆ, ಬಕಲ್ಲು ಬಿಚ್ಚುತ್ತದೆ. ಹಿಂದಕ್ಕೆ ಕೊಂಚ ಜಗ್ಗಿದರೆ ತೊಡೆಯ ಹಿಂದಿನ ಅಡ್ಡಪಟ್ಟಿ ಸಡಿಲಾಗುತ್ತದೆ. ಹೊಟ್ಟೆಯ ಕೆಳಗಿನ ಪಟ್ಟಿ ಸಿಗದಿದ್ದರೆ ಕೊಯ್ಯಿರಿ, ಪಟ್ಟಿಯ ಬೆಲೆ ನೋಡಬೇಡಿರಿ. ಕಾಲುಗಳಿರುವ ಬದಿಗೆ ಯಾರೂ ನಿಲ್ಲಬಾರದು. ಗಾಡಿಯನ್ನು ಪೂರ್ತಿ ಹಿಂದಕ್ಕೆ ತೆಗೆದ ಮೇಲೆ ತಲೆ ಬಿಡಿರಿ, ಅದು ತಾನೇ ಏಳುತ್ತದೆ. ಅಲ್ಲಿಯವರೆಗೆ ಮುಖದ ಪಟ್ಟಿಯ ಬಕಲ್ಲಿಗೆ ಮಾತ್ರ ಯಾರೂ ಕೈಹಾಕಬಾರದು; ಗಾಡಿಗೆ ಕಟ್ಟಿರುವ ತನಕ ಕಡಿವಾಣ ಕಳಚಿದ ಕುದುರೆಯನ್ನು ಹಿಡಿಯಲು ಆಮೇಲೆ ಏನೂ ಇರುವುದಿಲ್ಲ.